ಐದು ವ್ಯಾಟಿನ ಕೆಳಗೆ

ಕಪ್ಪತಗುಡ್ಡದ ಗಾಳಿಯಂತ್ರ ಮತ್ತು ಸೌರ ಹಾಸುಗಳಿಂದ ಬರುವ ಡಿಸಿ ಕರೆಂಟನ್ನು ಹಾಗೆಯೇ ಮನೆಗಳಿಗೆ ಕೊಟ್ಟರೆ ಹೇಗೆ ಎಂದು ಒಬ್ಬರು ಸಭೆಯಲ್ಲಿ ಕೇಳಿದರು. ಅದಾಗಿ ಹದಿನೆಂಟು ವರ್ಷವಾಯಿತು. ಕೇಳಿದವರು ನಿವೃತ್ತರಾಗಿ ಆರಾಮಾಗಿದ್ದಾರೆ. ಉತ್ತರ ಹುಡುಕುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು.

ಈಗ ಬೆಟಗೇರಿಯ ನೇಕಾರರ ಯಾವ ಓಣಿಗೆ ಹೋದರೂ ಟ್ರಾನ್ಸ್‌ಫಾರ್ಮರ್ ಇಲ್ಲ. ಕಂಬದ ತಂತಿಯಲ್ಲಿ ಮುನ್ನೂರ ಎಂಬತ್ತು ವೋಲ್ಟಿನ ಡಿಸಿ ಹರಿಯುತ್ತದೆ. ಮಗ್ಗ, ಒಲೆ, ಫ್ರಿಜ್ಜು ಅದನ್ನೇ ನೇರವಾಗಿ ಕುಡಿಯುತ್ತವೆ. ದೀಪ, ಫ್ಯಾನು, ಫೋನು, ಔಷಧೋಪಚಾರದ ಸಣ್ಣ ಯಂತ್ರಗಳಿಗೆ ಇಪ್ಪತ್ನಾಲ್ಕೇ ವೋಲ್ಟು ಸಾಕು. ನಡುವೆ ನಿಂತು ಇಳಿಸಿ ಕೊಡುವುದು ಪಡಸಾಲೆಯ ಗೋಡೆಯ ಮೇಲಿರುವ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಜನ ಅದಕ್ಕೆ ಇಳಿಪೆಟ್ಟಿಗೆ ಅನ್ನುತ್ತಾರೆ. ಅದರ ವಿನ್ಯಾಸ ನನ್ನದು. ಕೆಟ್ಟಾಗ ಬೈಗುಳವೂ ನನಗೇ.

ಅದರ ಒಳಗೆ ನಡೆಯುವುದು ಇಷ್ಟೇ. ಒಂದು ಎಲೆಕ್ಟ್ರಾನಿಕ್ ಬಾಗಿಲು ಸೆಕೆಂಡಿಗೆ ಲಕ್ಷ ಸಲ ತೆರೆದು ಮುಚ್ಚುತ್ತದೆ. ಹದಿನಾರು ಪಾಲು ಹೊತ್ತಿನಲ್ಲಿ ಒಂದು ಪಾಲು ಮಾತ್ರ ತೆರೆದಿದ್ದರೆ, ಆಚೆ ಕಡೆ ಸರಾಸರಿ ಹದಿನಾರನೇ ಒಂದರಷ್ಟು ವೋಲ್ಟೇಜು ಸಿಗುತ್ತದೆ, ಅಂದರೆ ಇಪ್ಪತ್ನಾಲ್ಕು. ಬಾಗಿಲು ತೆರೆದಾಗ ತಾಮ್ರದ ಸುರುಳಿ ಶಕ್ತಿ ತುಂಬಿಕೊಳ್ಳುತ್ತದೆ, ಮುಚ್ಚಿದಾಗ ಬಿಟ್ಟುಕೊಡುತ್ತದೆ. ಮುಂದೆ ಒಂದು ಕೆಪಾಸಿಟರ್, ಬಚ್ಚಲುಮನೆಯ ಹಂಡೆಯ ಹಾಗೆ, ಏರಿಳಿತ ಗೊತ್ತಾಗದಂತೆ ನೋಡಿಕೊಳ್ಳುತ್ತದೆ. ಮನೆಯಲ್ಲಿ ಏನೂ ಉರಿಯದಿದ್ದಾಗಲೂ ಈ ಬಾಗಿಲು ಬಡಿದುಕೊಳ್ಳುತ್ತಿದ್ದರೆ ಕರೆಂಟು ದಂಡ. ಅದಕ್ಕೆ ಬೇಡಿಕೆ ಐದು ವ್ಯಾಟಿಗಿಂತ ಕಡಿಮೆಯಾದರೆ ಪೆಟ್ಟಿಗೆ ಮಲಗುವಂತೆ ಮಾಡಿದೆ. ವೋಲ್ಟೇಜು ಇಪ್ಪತ್ತೆರಡಕ್ಕೆ ಇಳಿದಾಗ ಎದ್ದು, ನಾಲ್ಕು ಪೆಟ್ಟು ಹಾಕಿ, ಮತ್ತೆ ಮಲಗುತ್ತದೆ. ಈ ಉಪಾಯಕ್ಕೆ ಓಣಿ ವಿದ್ಯುತ್ ಸಂಘದವರು ನನಗೆ ಶಾಲು ಹೊದಿಸಿದ್ದರು. ಶಾಲು ಇನ್ನೂ ಟ್ರಂಕಿನಲ್ಲಿದೆ.

ಮೊನ್ನೆ ಏಪ್ರಿಲ್ ಎರಡನೇ ವಾರ, ಹನ್ನೊಂದು ಗಂಟೆಯ ಹೊತ್ತಿಗೆ, ತೇರಿನ ಓಣಿಯ ನೀಲವ್ವ ಸಂಘದ ಕಾರ್ಖಾನೆಗೆ ಬಂದಳು. ತಲೆಗೆ ಎಣ್ಣೆಯಿಲ್ಲ, ಹಣೆಯಲ್ಲಿ ಕುಂಕುಮವಿಲ್ಲ. ಅವಳ ಮಾವ ಹೂವಪ್ಪ ತೀರಿಕೊಂಡು ಎಂಟು ದಿನವಾಗಿತ್ತು. ಹೊಸ್ತಿಲ ಆಚೆಯೇ ನಿಂತಳು.

"ಅನಸಕ್ಕಾರ, ನಮ್ಮ ಪೆಟಗಿ ಹಾಡಾಕತ್ತೈತ್ರಿ."

"ಏನು ಹಾಡ್ತೈತಿ?"

"ಚಿರ್ ಚಿರ್ ಅಂತ, ಹುಳ ಒದರಿದಂಗ. ಬಂದಾವ್ರೆಲ್ಲಾ ಸೂತಕದ ಮನ್ಯಾಗ ಇದೇನ ಹಾಡು ಅಂತಾರ. ನಮ್ಮ ಅತ್ತಿಯವ್ರಿಗೆ ಮೊದಲ ಆರಾಮಿಲ್ಲ. ಒಂದೀಟು ಬಂದು ಅದರ ಬಾಯಿ ಮುಚ್ಚಸ್ರಿ."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಐವತ್ಮೂರು ವರ್ಷಕ್ಕೆ ಮೊಣಕಾಲು ನೋವಿನ ಜೊತೆಗೆ ನಗುವೂ ತಡವಾಗಿ ಬರುತ್ತದೆ. ಮೀಟರಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ.

ನೀಲವ್ವನ ಮನೆಯ ಪಡಸಾಲೆ ಬಾಣಲೆಯಂತೆ ಕಾದಿತ್ತು. ಹೂವಪ್ಪ ಪ್ರಾಣ ಬಿಟ್ಟ ಜಾಗದಲ್ಲಿ ಅಕ್ಕಿಹಿಟ್ಟು ಹರವಿ, ಮೇಲೊಂದು ಎಣ್ಣೆಯ ಹಣತೆ ಇಟ್ಟಿದ್ದರು. ಅದು ಹನ್ನೊಂದು ದಿನ ಆರಬಾರದು. ಆದ್ದರಿಂದ ಫ್ಯಾನು ಹಾಕುವಂತಿಲ್ಲ. ದೇವರ ಜಗಲಿಗೆ ಬಟ್ಟೆ ಇಳಿಬಿಟ್ಟಿದ್ದರು. ಅದರ ದೀಪವನ್ನೂ ಆರಿಸಿದ್ದರು. ನಮ್ಮ ಓಣಿಗಳಲ್ಲಿ ಸೂತಕವೆಂದರೆ ಹಾಗೆಯೇ.

ಒಳಬಾಗಿಲ ಪಕ್ಕದ ಆರಾಮ ಕುರ್ಚಿಯಲ್ಲಿ ನೀಲವ್ವನ ಅತ್ತೆ ಶಂಕ್ರವ್ವ ಒರಗಿದ್ದಳು. ನಾಲ್ಕು ವರ್ಷದ ಹಿಂದೆ ಅವಳ ಎದೆಯೊಳಗೆ ಪಂಪು ಕೂರಿಸಿದ್ದರು. ಸೋತ ಹೃದಯದ ಜೊತೆ ಕೂಡಿಕೊಂಡು ರಕ್ತ ತಳ್ಳುವ, ಬೆರಳುದ್ದದ ಪಂಪು. ಅದರ ಬ್ಯಾಟರಿಯೂ ಒಳಗೇ ಇರುತ್ತದೆ. ದಿನಾ ಮಧ್ಯಾಹ್ನ ಊಟವಾದ ಮೇಲೆ ಎರಡು ತಾಸು ಎದೆಯ ಮೇಲೆ ತಟ್ಟೆಯಂಥ ಚಾರ್ಜರ್ ಇಟ್ಟುಕೊಂಡು ಮಲಗಿದರೆ ಆ ದಿನದ ಖರ್ಚು ತುಂಬಿಕೊಳ್ಳುತ್ತದೆ, ತಪ್ಪಿದರೂ ನಾಲ್ಕೈದು ದಿನ ತಡೆಯುತ್ತದೆ. ತಟ್ಟೆಯ ಹಸಿರು ದೀಪ ಹತ್ತಿದರೆ ಚಾರ್ಜು ಆಗುತ್ತಿದೆ ಎಂದು ತಿಳಿಯಿರಿ ಎಂದು ಆಸ್ಪತ್ರೆಯವರು ಎಲ್ಲರಿಗೂ ಕಲಿಸಿದ್ದರು. ಶಂಕ್ರವ್ವ ಎಂಟು ದಿನದಿಂದ ಏಳುತ್ತಿರಲಿಲ್ಲವಾದ್ದರಿಂದ ತಟ್ಟೆಯೂ ಬೆಳಗಿನಿಂದ ಸಂಜೆವರೆಗೆ ಅವಳ ಎದೆಯ ಮೇಲೇ ಇತ್ತು. ಹಸಿರು ದೀಪ ಹತ್ತಿತ್ತು.

"ಹೆಂಗದೀರಿ?" ಅಂದೆ.

ಅವಳು ಕಣ್ಣು ತೆರೆದಳು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಸಾಕಾಗೇತವ್ವಾ" ಅಂದಳು. ನೀರಿನ ತಂಬಿಗೆಗೆ ಕೈ ಚಾಚಿದಳು, ಕೈ ಅರ್ಧಕ್ಕೇ ನಿಂತಿತು.

ಮೂಲೆಯಲ್ಲಿ ಕುಳಿತಿದ್ದ ನೆರೆಮನೆಯ ಮುದುಕಿಯೊಬ್ಬಳು ಸೆರಗಿನಿಂದ ಬಾಯಿ ಒರೆಸಿಕೊಂಡು, "ಹ್ವಾದಾವ್ರ ಹಿಂದ ಹೊಂಟಾಳ ನೋಡು. ಐವತ್ತೆಂಟ ವರ್ಷ ಕೂಡಿ ನೇದಾರ. ಬಿಟ್ಟಿರಾಕ ಹೆಂಗ ಆಗ್ತೈತಿ?" ಅಂದಳು.

ನೀಲವ್ವ ಪಿಸುದನಿಯಲ್ಲಿ ಹೇಳಿದಳು. "ಡಾಕ್ಟರಗ ಫೋನ್ ಮಾಡಿದ್ವಿ. ತಮ್ಮ ಕಂಪ್ಯೂಟರದಾಗ ನೋಡಿ ಪಂಪು ತಿರಗಾಕತ್ತೈತಿ, ದುಃಖಕ್ಕ ಹಿಂಗಾಗೇತಿ, ಹಾಲು ಹಣ್ಣು ಕೊಡ್ರಿ ಅಂದ್ರು."

ನಾನು ಪೆಟ್ಟಿಗೆಗೆ ಕಿವಿ ಕೊಟ್ಟೆ. ಚಿರ್ ಚಿರ್. ಪೆಟ್ಟಿಗೆ ಮಲಗಿ ಏಳುವಾಗ ಸುರುಳಿಯ ತಂತಿ ಅದಿರುವ ಸದ್ದು. ಬಾಗಿಲು ಲಕ್ಷ ಸಲ ಬಡಿಯುವಾಗ ಕಿವಿಗೆ ಕೇಳುವುದಿಲ್ಲ, ಆಗೊಮ್ಮೆ ಈಗೊಮ್ಮೆ ಬಡಿದರೆ ಕೇಳುತ್ತದೆ. ಇದರಿಂದ ಏನೂ ತೊಂದರೆಯಿಲ್ಲ, ಸೂತಕ ಕಳೆದು ಫ್ಯಾನು ತಿರುಗಿದ ಮೇಲೆ ತಾನೇ ನಿಲ್ಲುತ್ತದೆ ಎಂದು ಹೇಳಿ ಹೊರಗೆ ಬಂದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದವಳು ನಾನು, ತೊಂದರೆಯಿಲ್ಲ ಎಂದು ಹೇಳಿ ಬಂದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಾರ್ಖಾನೆಯಲ್ಲಿ ಕಾಶೀಮಸಾಬ ಸುರುಳಿ ಸುತ್ತುತ್ತ ಕುಳಿತಿದ್ದ. ನನಗಿಂತ ಆರು ವರ್ಷ ದೊಡ್ಡವನು. ಸಂಘದ ಪ್ರತಿ ಪೆಟ್ಟಿಗೆಯ ತಾಮ್ರವೂ ಅವನ ಬೆರಳಿನಿಂದ ಹಾದು ಹೋದದ್ದು. ಹಾಡುವ ಪೆಟ್ಟಿಗೆಯ ಕಥೆ ಹೇಳಿದೆ.

"ಅದರಾಗೇನು ವಿಶೇಷ?" ಅಂದ. "ನಮ್ಮನ್ಯಾಂದು ದಿನಾ ಹಾಡ್ತೈತಿ. ಎಲ್ಲಾರೂ ಹೊರಗ ಹೋದ್ರ ಸಾಕು, ಶುರು."

"ಇಷ್ಟ ವರ್ಷದಾಗ ಒಮ್ಮೆರ ಹೇಳ್ಬಾರದಾ?"

"ನಿಮ್ಮ ಮನ್ಯಾಗೂ ಹಾಡ್ತಿರಬೇಕು ಅಂದ್ಕೊಂಡಿದ್ದೆ."

"ನಮ್ಮನ್ಯಾಗ ಹಾಡಂಗಿಲ್ಲ."

ಕಾಶೀಮಸಾಬ ತಂತಿ ಹಿಡಿದಿದ್ದ ಕೈ ನಿಲ್ಲಿಸಿದ. "ಹಾಡಂಗಿಲ್ಲ, ಸರಿ. ನಿಮ್ಮ ಜಗಲಿ ಮ್ಯಾಲೆ ದೀಪ ಹತ್ತೇ ಇರ್ತೈತಿ. ನಮ್ಮನ್ಯಾಗ ಹಗಲೂ ರಾತ್ರಿ ಹತ್ತೂದು ಏನೈತಿ?"

ಅವನು ಮತ್ತೆ ಸುರುಳಿಗೆ ತಿರುಗಿದ. ನಾನು ಎದ್ದು ಕಪಾಟಿನ ತಳದಿಂದ ಹಳೆಯ ಕಡತ ತೆಗೆದೆ. ಪೆಟ್ಟಿಗೆ ಮಾಡುವ ಮೊದಲು ನಾನು ನಲವತ್ತು ಮನೆಗಳಲ್ಲಿ ಒಂದೊಂದು ತಿಂಗಳು ಮೀಟರು ಇಟ್ಟು ಅಳೆದಿದ್ದೆ. ನಲವತ್ತೂ ನಮ್ಮ ನೇಕಾರರ ಓಣಿಯ ಮನೆಗಳು. ಪರಿಚಯದವರು, ಮೀಟರು ಇಡಲು ಬೇಡ ಅನ್ನುವವರಲ್ಲ. ಒಂದು ಮನೆಯಲ್ಲೂ ಬೇಡಿಕೆ ಆರು ವ್ಯಾಟಿನ ಕೆಳಗೆ ಇಳಿದಿರಲಿಲ್ಲ. ಆ ಆರು ವ್ಯಾಟು ಏನೆಂದು ನಾನು ಕೇಳಲೇ ಇಲ್ಲ. ಅದು ಜಗಲಿಯ ದೀಪ ಮತ್ತು ಅದರ ಸುತ್ತಿನ ದೀಪದ ಮಾಲೆ. ಜನರಿರುವ ಮನೆಯಲ್ಲಿ ಅಷ್ಟು ಬೇಡಿಕೆ ಯಾವಾಗಲೂ ಇದ್ದೇ ಇರುತ್ತದೆ, ಅದೂ ಇಲ್ಲದಿದ್ದರೆ ಬೀಗ ಹಾಕಿದ ಮನೆ ಎಂದು ತಿಳಿದು, ಐದರ ಕೆಳಗೆ ಮಲಗು ಎಂದು ಪೆಟ್ಟಿಗೆಗೆ ಹೇಳಿಕೊಟ್ಟೆ. ನಲವತ್ತರಲ್ಲಿ ಒಂದು ಮನೆಯಲ್ಲೂ ಆ ತಿಂಗಳು ಯಾರೂ ಸತ್ತಿರಲಿಲ್ಲ.

ಚಾರ್ಜರ್ ತಟ್ಟೆ ಎಳೆಯುವುದು ಮೂರೇ ವ್ಯಾಟು.

ಮಾದರಿಗೆಂದು ಇಟ್ಟಿದ್ದ ಪಂಪು, ತಟ್ಟೆ ಎರಡನ್ನೂ ತಂದು, ತಟ್ಟೆಯನ್ನು ಮೇಜಿನ ಮೇಲಿನ ಪೆಟ್ಟಿಗೆಗೆ ಜೋಡಿಸಿದೆ. ಜೊತೆಗೆ ಆರು ವ್ಯಾಟಿನ ದೀಪ ಹಚ್ಚಿದೆ. ಆಸಿಲೋಸ್ಕೋಪಿನ ಪರದೆಯ ಮೇಲೆ ಗೆರೆ ನೆಟ್ಟಗೆ ಹೋಯಿತು. ಚಾರ್ಜು ಏರತೊಡಗಿತು. ದೀಪ ಆರಿಸಿದೆ. ಪೆಟ್ಟಿಗೆ ಚಿರ್ ಎಂದಿತು, ಪರದೆಯ ಗೆರೆ ಗರಗಸದ ಹಲ್ಲಾಯಿತು. ಇಪ್ಪತ್ತೆರಡು, ಇಪ್ಪತ್ನಾಲ್ಕು, ಇಪ್ಪತ್ತೆರಡು. ತಟ್ಟೆ ಅರ್ಧ ವೋಲ್ಟಿನ ಏರಿಳಿತವನ್ನೂ ಸಹಿಸುವುದಿಲ್ಲ. ಒಳಗೆ ಹೃದಯದ ಪಂಪು ಇದೆಯಲ್ಲ, ಅಷ್ಟು ಹುಷಾರಿರಲೇಬೇಕು. ಕರೆಂಟು ಸರಿಯಿಲ್ಲ ಎಂದು ಅದು ಕೈಬಿಟ್ಟು, ಮತ್ತೆ ಮೊದಲಿಂದ ಪಂಪಿನ ಜೊತೆ ಮಾತುಕತೆಗೆ ಕೂತಿತು. ಆ ಮಾತುಕತೆಗೆ ನಲವತ್ತು ಸೆಕೆಂಡು. ಅದು ಶುರುವಾದೊಡನೆ ಹಸಿರು ದೀಪ. ಮುಗಿಯುತ್ತಿದ್ದಂತೆ ಮತ್ತೆ ಏರಿಳಿತ, ಮತ್ತೆ ಮೊದಲಿಂದ.

ಅರ್ಧ ತಾಸು ನೋಡುತ್ತ ಕುಳಿತೆ. ದೀಪ ಹಸಿರಾಗಿಯೇ ಇತ್ತು. ಚಾರ್ಜು ಒಂದು ಪಾಲೂ ಏರಲಿಲ್ಲ. ಹೀಗೆ ದಿನದಿನಕ್ಕೂ ಬ್ಯಾಟರಿ ಇಳಿದರೆ ಪಂಪು ನಿಲ್ಲುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ನಿಧಾನವಾಗುತ್ತದೆ. ಮನುಷ್ಯರಿಗೆ ಸುಸ್ತಾಗುತ್ತದೆ. ಸೂತಕದ ಮನೆಯಲ್ಲಿ ಸುಸ್ತಾದವರನ್ನು ಯಾರೂ ಏಕೆ ಎಂದು ಕೇಳುವುದಿಲ್ಲ.

ಆಗ ನನಗೆ ನಮ್ಮ ಅವ್ವನ ನೆನಪಾಯಿತು.

ಏಳು ವರ್ಷದ ಹಿಂದೆ ಅಪ್ಪ ಹೋದರು. ಅವ್ವನಿಗೂ ಇದೇ ಪಂಪು, ಇದೇ ತಟ್ಟೆ. ಒಂಬತ್ತನೇ ದಿನ ಅವ್ವನೂ ಹೋದಳು. ಊರೆಲ್ಲ ಕೈಮುಗಿಯಿತು. ಸತ್ತರೂ ಜೊತೆ ಬಿಡಲಿಲ್ಲ ಎಂದು ಈಗಲೂ ಹೇಳುತ್ತಾರೆ. ಅಣ್ಣ ದೇವಲ ಇಬ್ಬರ ಫೋಟೋವನ್ನೂ ಒಂದೇ ಚೌಕಟ್ಟಿನಲ್ಲಿ ಹಾಕಿಸಿದ್ದಾನೆ. ವರ್ಷದ ತಿಥಿಗೆ ಬಂದವರಿಗೆಲ್ಲ ಆ ಕಥೆ ಹೇಳಿ ಕಣ್ಣೊರೆಸಿಕೊಳ್ಳುತ್ತಾನೆ. ನಾನೂ ಅದನ್ನು ನಂಬಿ ಸಮಾಧಾನಪಟ್ಟುಕೊಂಡವಳೇ. ಆ ಒಂಬತ್ತು ದಿನ ಅವ್ವನ ಕಾಲ ಬಳಿ ಕೂತಿದ್ದಾಗ, ಸೂರಿನಲ್ಲಿ ಜೀರುಂಡೆ ಸೇರಿಕೊಂಡಿದೆ ಎಂದುಕೊಂಡು ಎರಡು ಸಲ ಕಸಬರಿಗೆಯಿಂದ ತಟ್ಟಿದ್ದೆ. ಆ ಪೆಟ್ಟಿಗೆ ನಾನೇ ಮಾಡಿದ್ದು. ಜಗಲಿಯ ದೀಪ ಆರಿಸಿದ್ದೂ ನಾನೇ.

ಕಾಶೀಮಸಾಬ ಏನೋ ಕೇಳಿದ. ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಶಂಕ್ರವ್ವನಿಗೆ ಅವತ್ತು ಎಂಟನೇ ದಿನ. ಚಪ್ಪಲಿ ಮೆಟ್ಟಿ ಓಡಿದೆ, ಈ ಮೊಣಕಾಲಿನಲ್ಲಿ ಎಷ್ಟು ಓಡಲಾಗುತ್ತದೋ ಅಷ್ಟು.

"ನೀಲವ್ವಾ, ಫ್ಯಾನ್ ಹಚ್ಚು" ಅಂದೆ, ಬಾಗಿಲಲ್ಲೇ.

ಅವಳ ಗಂಡ ಪರಪ್ಪ ಒಳಗಿನಿಂದ ಬಂದ. "ದೀಪ ಆರಿ ಹೋಗ್ತೈತ್ರಿ."

"ಹಂಗಾರ ಜಗಲಿ ದೀಪ ಹಚ್ಚು."

"ಏನ್ ಮಾತಾಡ್ತೀರಿ ಅಕ್ಕಾರ? ನಿಮಗ ಗೊತ್ತಿಲ್ಲೇನು? ಇನ್ನ ಮೂರ ದಿನ ಐತಿ."

ಅವನ ಮುಖ ನೋಡಿದೆ. ಎಂಟು ದಿನದ ಗಡ್ಡ, ನಿದ್ದೆಯಿಲ್ಲದ ಕಣ್ಣು. ಅಪ್ಪನಿಗೆ ಮಾಡಬೇಕಾದ ಒಂದೇ ಒಂದು ಕೆಲಸದಲ್ಲೂ ತಪ್ಪು ಆಗಬಾರದು ಎಂದು ಹಲ್ಲು ಕಚ್ಚಿ ನಿಂತಿದ್ದ. ನಾನೂ ಒಮ್ಮೆ ಹಾಗೆಯೇ ನಿಂತಿದ್ದೆ. ವಾದ ಮಾಡಲು ನನ್ನಲ್ಲಿ ಶಕ್ತಿಯಿರಲಿಲ್ಲ, ಹೊತ್ತೂ ಇರಲಿಲ್ಲ.

"ದೇವರ ದೀಪ ಬ್ಯಾಡ. ಮನಿ ಲೈಟ್ ಹಚ್ಚು. ಎಷ್ಟು ಅದಾವ ಅಷ್ಟೂ."

"ಹಗಲಾಗ?" ಎಂದಳು ನೀಲವ್ವ. ನಮ್ಮ ಓಣಿಯಲ್ಲಿ ಹಗಲು ಲೈಟು ಹಚ್ಚುವ ಸೊಸೆಗೆ ಒಳ್ಳೆಯ ಹೆಸರಿಲ್ಲ.

"ಹಗಲಾಗ. ನಿಮ್ಮ ಅತ್ತಿ ದುಃಖಕ್ಕ ಮಲಗಿಲ್ಲ ನೀಲವ್ವಾ. ಅಕಿ ಎದಿಯಾಗಿನ ಬ್ಯಾಟ್ರಿ ಖಾಲಿ ಆಗೇತಿ. ನನ್ನ ಪೆಟಗಿದ ತಪ್ಪು ಅದು. ಆಮ್ಯಾಲೆ ಎಲ್ಲಾ ಹೇಳ್ತೀನಿ, ಮೊದಲ ಹಚ್ಚು."

ನೀಲವ್ವ ಗಂಡನ ಕಡೆ ನೋಡಲಿಲ್ಲ. ಪಡಸಾಲೆ, ಅಡುಗೆಮನೆ, ಮಗ್ಗದ ಕುಣಿ, ಬಚ್ಚಲು, ಒಂದೊಂದೇ ಸ್ವಿಚ್ಚು ಒತ್ತುತ್ತ ಹೋದಳು. ಮಧ್ಯಾಹ್ನ ಎರಡೂವರೆಯ ಬಿಸಿಲಿನಲ್ಲಿ ಆ ಮನೆಯ ಹನ್ನೊಂದು ದೀಪ ಹತ್ತಿದವು. ಚಿರ್ ಚಿರ್ ಸದ್ದು ನಿಂತಿತು. ನಾನು ಮೀಟರನ್ನು ಗೋಡೆಯ ಕಿಂಡಿಗೆ ಸಿಕ್ಕಿಸಿದೆ. ಇಪ್ಪತ್ನಾಲ್ಕು, ಅಲುಗಾಡದ ಇಪ್ಪತ್ನಾಲ್ಕು.

ಆಸ್ಪತ್ರೆಗೆ ಫೋನು ಮಾಡಿ, ಪಂಪು ತಿರುಗುತ್ತಿದೆಯೇ ಎಂದಲ್ಲ, ಎಷ್ಟು ವೇಗದಲ್ಲಿ ತಿರುಗುತ್ತಿದೆ ನೋಡಿ ಅಂದೆ. ಆ ಕಡೆ ಕೀಲಿಮಣೆಯ ಸದ್ದು ಕೇಳಿಸಿತು. ಆಮೇಲೆ ಡಾಕ್ಟರು, "ಅರ್ಧಕ್ಕಿಂತ ಕಡಿಮೆ. ಬ್ಯಾಟರಿ ನೂರಕ್ಕೆ ಆರು ಪಾಲು ಇದೆ. ತಟ್ಟೆ ತೆಗೀಬೇಡಿ, ಆಂಬುಲೆನ್ಸ್ ಕಳಿಸ್ತೀನಿ. ಮುಂಡರಗಿಯಿಂದ ಬರಬೇಕು, ಒಂದೂವರೆ ತಾಸು" ಅಂದರು. ಆ ಆರು ಪಾಲು ನಾಳೆಯವರೆಗೆ ಸಾಲುತ್ತಿರಲಿಲ್ಲ.

ಓಣಿಯ ಇಬ್ಬರು ಬಾಗಿಲಲ್ಲಿ ಇಣುಕಿದರು. ಸಾವಿನ ಮನೆಯಲ್ಲಿ ಇದೇನು ಮದುವೆಯಂಥ ದೀಪ ಎಂದು ಒಬ್ಬರು ಕೇಳಿದರು. ಪರಪ್ಪನೇ ಹೊರಗೆ ಹೋಗಿ, "ಅವ್ವಗ ಬೇಕಾಗೇತಿ. ನಡೀರಿ" ಎಂದು ಕಳಿಸಿ ಬಂದ. ಹಣತೆಗೆ ಎಣ್ಣೆ ಹಾಕಿ, ತಾಯಿಯ ಪಾದದ ಬಳಿ ಕೂತ.

ಒಂದು ತಾಸು ಕಳೆದ ಮೇಲೆ ಶಂಕ್ರವ್ವನ ತುಟಿಗೆ ಮತ್ತೆ ಬಣ್ಣ ಬಂತು. ಕಣ್ಣು ತೆರೆದು ಸೂರಿನ ಲೈಟು ನೋಡಿದಳು. "ಯಾರದು, ಹಗಲಾಗ ಲೈಟ್ ಹಚ್ಚಿದಾಕಿ?" ಅಂದಳು. ದನಿಯಲ್ಲಿ ಅತ್ತೆ ವಾಪಸು ಬಂದಿದ್ದಳು. ನೀಲವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು, ಅಥವಾ ಅತ್ತಳು, ನನಗೆ ತಿಳಿಯಲಿಲ್ಲ.

ಶಂಕ್ರವ್ವ ಒಂದೀಟು ಚಹಾ ಕೇಳಿದಳು. ಎರಡು ಗುಟುಕು ಕುಡಿದಳು. ಆಮೇಲೆ ಹಣತೆಯ ಕಡೆ ತಿರುಗಿ ನೋಡಿ, ಲೋಟ ಕೆಳಗಿಟ್ಟು, ಗಟ್ಟಿಯಾಗಿ ಅಳಲು ಶುರು ಮಾಡಿದಳು. ಗಂಡನ ಹೆಸರು ಹಿಡಿದು, ಅವನ ಜಗಳ, ಅವನ ಬೀಡಿ, ಅವನು ನೇಯ್ದ ಚಿಕ್ಕಿಪರಾಸ ಅಂಚಿನ ಸೀರೆ, ಎಲ್ಲ ಎತ್ತಿ ಆಡಿ ಅತ್ತಳು. ಎಂಟು ದಿನದಲ್ಲಿ ಅವಳು ಒಂದು ಹನಿಯೂ ಕಣ್ಣೀರು ಹಾಕಿರಲಿಲ್ಲವಂತೆ. ಅಳುವಷ್ಟು ಶಕ್ತಿಯೇ ಇರಲಿಲ್ಲ. ಆ ಅಳು ಕೇಳುತ್ತ, ಆಂಬುಲೆನ್ಸ್ ಬರುವವರೆಗೆ ನಾನು ಗೋಡೆಗೆ ಒರಗಿ ಕೂತೆ. ನಮ್ಮ ಅವ್ವನೂ ಅತ್ತಿರಲಿಲ್ಲ ಎಂಬುದು ಆಗ ನೆನಪಿಗೆ ಬಂತು.

ಮುಂದಿನ ನಾಲ್ಕು ದಿನ ಸಂಘದಲ್ಲಿ ಸಭೆಗಳಾದವು. ಪಂಪು ಹಾಕಿಸಿಕೊಂಡವರಿರುವ ಮನೆಗಳ ಪೆಟ್ಟಿಗೆಯಲ್ಲಿ ಮಲಗುವ ಗುಣವನ್ನು ಮೊದಲ ದಿನವೇ ತೆಗೆಸಿದೆ. ಕಾಶೀಮಸಾಬ ಮತ್ತು ನಾನು ಮನೆಮನೆ ಸುತ್ತಿ, ಒಂದು ರೆಸಿಸ್ಟರ್ ಬದಲಿಸಿದೆವು. ಒಂದು ಮನೆಗೆ ಹತ್ತು ನಿಮಿಷದ ಕೆಲಸ. ಇಷ್ಟು ವರ್ಷ ಯಾರೂ ಮಾಡದ ಹತ್ತು ನಿಮಿಷ. ಆಸ್ಪತ್ರೆಯ ಪಟ್ಟಿ ತರಿಸಿ ನೋಡಿದಾಗ, ಗಂಡನೋ ಹೆಂಡತಿಯೋ ಸತ್ತ ಹನ್ನೊಂದು ದಿನದೊಳಗೆ ಹೋದ ಪಂಪಿನವರು ನಮ್ಮ ಓಣಿಗಳಲ್ಲಿ ಮೂವರಿದ್ದರು. ಮೂವರ ಬಗ್ಗೆಯೂ ಊರು ಒಂದೇ ಕಥೆ ಹೇಳುತ್ತಿತ್ತು. ಬದುಕಿಕೊಂಡವರೂ ಇಬ್ಬರಿದ್ದರು. ಜಗಲಿಯ ದೀಪ ಹತ್ತಿದ ದಿನದಿಂದ ಚೇತರಿಸಿಕೊಂಡರು ಎಂದು ಅವರ ಮನೆಯವರು ದೇವರಿಗೆ ಹರಕೆ ತೀರಿಸಿದ್ದರು.

ದೋಷದ ವರದಿಯಲ್ಲಿ ಮೊದಲ ಪ್ರಕರಣ ಎಂದು ಒಂದು ಸಾಲಿದೆ. ಅದರ ಮುಂದೆ ಹೆಸರು ಬರೆದು ಮನೆಯವರ ಸಹಿ ಹಾಕಿಸಬೇಕು. ಮೂವರಲ್ಲಿ ಮೊದಲು ಹೋದವಳು ನಮ್ಮ ಅವ್ವ. ಬರೆಯದೆ ಬಿಟ್ಟರೂ ಯಾರೂ ಕೇಳುತ್ತಿರಲಿಲ್ಲ. ಅಣ್ಣನ ಹತ್ತಿರ ಉಳಿದದ್ದು ಆ ಒಂದು ಕಥೆ. ಅದನ್ನೂ ಕಿತ್ತುಕೊಳ್ಳಲೇ ಎಂದು ಎರಡು ದಿನ ಕಾಗದ ಚೀಲದಲ್ಲಿಟ್ಟುಕೊಂಡು ತಿರುಗಿದೆ. ಸಾಕಾಗಿ ಹೋಯಿತು. ಮೂರನೆಯ ದಿನ ಬೆಳಿಗ್ಗೆ ಅವನ ಮನೆಗೆ ಹೋದೆ.

ದೇವಲಣ್ಣ ಮಗ್ಗದಲ್ಲಿದ್ದ. ನಾನು ಎಲ್ಲ ಹೇಳಿದೆ. ಐದು ವ್ಯಾಟು, ಜೀರುಂಡೆ, ಹಸಿರು ದೀಪ, ನನ್ನ ಶಾಲು, ಏನನ್ನೂ ಬಿಡಲಿಲ್ಲ. ಅವನು ಮಗ್ಗ ನಿಲ್ಲಿಸಲಿಲ್ಲ. ಮುಗಿದ ಮೇಲೂ ಒಂದು ಗೇಣು ನೇಯ್ದ. ಆಮೇಲೆ ನಿಲ್ಲಿಸಿದ.

"ಫ್ಯಾನ್ ಬಂದ್ ಮಾಡಿದಾವ ನಾನು" ಅಂದ.

"ಜಗಲಿ ದೀಪ ಆರಿಸಿದಾಕಿ ನಾನು. ಪೆಟಗಿ ಮಾಡಿದಾಕೀನೂ ನಾನು. ಬೈಯ್ ಅಣ್ಣಾ."

ಅವನು ಬೈಯಲಿಲ್ಲ. ಗೋಡೆಯ ಮೇಲಿನ ಚೌಕಟ್ಟು ನೋಡಿದ. "ಎಂಟನೇ ದಿವಸ ಅವ್ವ ನನ್ನ ಕರದು ಹೇಳಿದ್ಲು. ಮಗ್ಗದ ಮ್ಯಾಲಿನ ಸೀರಿ ಅರ್ಧ ಆಗೇತಿ, ಯಾರೂ ಮುಟ್ಟಬ್ಯಾಡ್ರಿ, ನಾನ ಮುಗಸ್ತೀನಿ ಅಂತ. ನಾ ಅದನ್ನ ಯಾರ ಮುಂದೂ ಹೇಳಿಲ್ಲ. ಕಥಿಗೆ ಹೊಂದ್ತಿರಲಿಲ್ಲ."

ನಾನು ಅವನ ಹೆಗಲ ಮೇಲೆ ಕೈಯಿಟ್ಟೆ. ಇಬ್ಬರೂ ಏಳು ವರ್ಷ ತಡವಾಗಿ ಅತ್ತೆವು.

ಸ್ವಲ್ಪ ಹೊತ್ತಿಗೆ ಅವನು ಕಾಗದ ಇಸಿದುಕೊಂಡು, ಓದಿ, ಸಹಿ ಹಾಕಿದ. ವಾಪಸು ಕೊಡುವಾಗ ಕೇಳಿದ.

"ಇದರಾಗ ಎಲ್ಲಾ ವೋಲ್ಟು, ವ್ಯಾಟು ಐತಿ. ಅವ್ವಗ ಬದುಕೂ ಮನಸ್ಸಿತ್ತು ಅಂತ ಬರಿಯಾಕ ಎಲ್ಲೆರ ಜಾಗ ಐತೇನು?"

ಅಂಥ ಜಾಗ ಇರಲಿಲ್ಲ. ಕೊನೆಯಲ್ಲಿ ಷರಾ ಎಂದು ಎರಡು ಗೆರೆ ಖಾಲಿ ಇದ್ದವು. ಅಲ್ಲೇ ಮಗ್ಗದ ಕಟ್ಟೆಯ ಮೇಲೆ ಕೂತು ಬರೆದೆ: ರೋಗಿಗೆ ದುಃಖವಿತ್ತು. ಅರ್ಧ ಸೀರೆ ಬಾಕಿ ಇತ್ತು. ಸಾಯುವ ಮನಸ್ಸಿರಲಿಲ್ಲ.